ಬೆನ್ನು ಬಗ್ಗಿಸುವ ಮೊದಲು ಬೆಂಚು ಎತ್ತರಿಸಿ

ಎಲ್ಲರೂ ಒಮ್ಮೆ ಎದ್ದು ನಿಲ್ಲಿ. ಮೈ ಬಿಗಿ ಮಾಡಿಕೊಳ್ಳಬೇಡಿ, ಆರಾಮಾಗಿ ನಿಲ್ಲಿ. ಬಲಗೈ ಮುಷ್ಟಿ ಹಿಡಿದು ಗಲ್ಲದ ಕೆಳಗೆ ಇಟ್ಟುಕೊಳ್ಳಿ. ತೋಳು ಎದೆಗೆ ಒತ್ತಿಕೊಂಡಿರಲಿ. ಈಗ ನಿಮ್ಮ ಮೊಣಕೈ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಅರ ಹಾಕಿ ಕಬ್ಬಿಣ ಉಜ್ಜುವ ಕೆಲಸಕ್ಕೆ, ಆ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್‌ನ ಬಾಯಿ ಇರಬೇಕಾದ ಎತ್ತರ ಅದೇ. ಫಿಟ್ಟರ್ ಕೆಲಸ ಕಲಿಸುವ ಕಡೆಯೆಲ್ಲ ಶುರುವಿನಲ್ಲೇ ಹೇಳಿಕೊಡುವ ಹಳೆಯ ಅಳತೆ ಇದು. ಟೇಪ್ ಬೇಡ, ಲೆಕ್ಕ ಬೇಡ.

ಕೂತುಕೊಳ್ಳಿ. ಈಗ ನೀವು ದಿನಾ ಕೆಲಸ ಮಾಡುವ ವೈಸ್ ನೆನಪು ಮಾಡಿಕೊಳ್ಳಿ. ಅದು ಈ ಎತ್ತರದಲ್ಲಿ ಇರುವವರು ಕೈ ಎತ್ತಿ. ಮೂರೋ ನಾಲ್ಕೋ ಕೈ ಕಾಣುತ್ತಿವೆ. ಎಲ್ಲಿ ಕೇಳಿದರೂ ಹೆಚ್ಚುಕಮ್ಮಿ ಇಷ್ಟೇ ಕೈ ಏಳುವುದು. ಉಳಿದವರ ಬೆಂಚಿಗೆ ಆ ಎತ್ತರ ಎಲ್ಲಿಂದ ಬಂತು? ಹಿಂದೆ ಯಾರೋ ಮಾಡಿಸಿದರು, ಸಿಕ್ಕ ಆಂಗಲ್ ಕಬ್ಬಿಣದ ಉದ್ದಕ್ಕೆ ಕಾಲು ಕತ್ತರಿಸಿದರು, ಅಷ್ಟೇ. ಆಮೇಲೆ ಬಂದವರೆಲ್ಲ ತಮ್ಮ ಬೆನ್ನನ್ನೇ ಆ ಬೆಂಚಿಗೆ ಹೊಂದಿಸಿಕೊಂಡರು.

ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಬೆನ್ನು ನೋವು ಬಂತು ಅಂದರೆ ನಾವು ಬೆನ್ನನ್ನೇ ದೂರುತ್ತೇವೆ. ವಯಸ್ಸಾಯಿತು ಅನ್ನುತ್ತೇವೆ, ಬೆನ್ನು ವೀಕು ಅನ್ನುತ್ತೇವೆ. ಮುಲಾಮು ಬರುತ್ತದೆ, ಬೆಲ್ಟ್ ಬರುತ್ತದೆ. ಮಾಡುವ ಕೆಲಸವನ್ನು ಎಲ್ಲಿ ಇಟ್ಟುಕೊಂಡು ಮಾಡುತ್ತಿದ್ದೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಅದನ್ನು ಕೇಳೋಣ.

ತಗ್ಗಿನಲ್ಲಿರುವ ವೈಸ್‌ನಲ್ಲಿ ಹೊಸ ಹುಡುಗನೊಬ್ಬ ಅರ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿ. ಮೊದಲು ಸೊಂಟ ಹಿಂದಕ್ಕೆ ಹೋಗುತ್ತದೆ. ಬೆನ್ನು ಗುಂಡಗಾಗುತ್ತದೆ. ಕತ್ತು ಮುಂದಕ್ಕೆ ಚಾಚುತ್ತದೆ. ಮುಂಗೈ ಮಟ್ಟವಾಗಿ ಹೋಗಿಬರುವ ಬದಲು ಇಳಿಜಾರಿನಲ್ಲಿ ಕೆಳಕ್ಕೆ ತಳ್ಳುತ್ತದೆ. ಅರ ಮುಂದೆ ಹೋದಾಗ ಮೂತಿ ತಗ್ಗುತ್ತದೆ, ಹಿಂದೆ ಬಂದಾಗ ಹಿಡಿ ತಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಕಬ್ಬಿಣದ ಎರಡೂ ಅಂಚು ಸವೆದು ನಡುವೆ ಉಬ್ಬು ಉಳಿಯುತ್ತದೆ. ಮೇಲ್ವಿಚಾರಕ ಬಂದು, ಕೈ ಸರಿಯಿಲ್ಲ ನಿನ್ನದು ಅಂತ ಬೈಯುತ್ತಾರೆ. ಕೈ ಸರಿಯಾಗಿಯೇ ಇದೆ, ವೈಸ್ ತಗ್ಗಿದೆ. ಬೆನ್ನು ನೋಯಿಸುವ ಎತ್ತರವೇ ಕೆಲಸವನ್ನೂ ಕೆಡಿಸುತ್ತದೆ. ಮಾಲೀಕರ ಹತ್ತಿರ ಮಾತಾಡುವಾಗ ಈ ಎರಡನೆಯ ಮಾತನ್ನು ಮೊದಲು ಹೇಳಿ. ಬೇಗ ಕಿವಿಗೆ ಬೀಳುತ್ತದೆ.

ಇನ್ನು ಬಗ್ಗಿದಾಗ ಒಳಗೆ ಏನಾಗುತ್ತದೆ ನೋಡೋಣ. ನೆಲದ ಮೇಲೆ ಒಂದು ನಟ್ ಬಿತ್ತು, ಬಗ್ಗಿ ಎತ್ತಿಕೊಂಡಿರಿ. ಎಷ್ಟು ತೂಕ ಎತ್ತಿದಿರಿ? ನಟ್‌ನ ತೂಕ ಲೆಕ್ಕಕ್ಕೇ ಇಲ್ಲ. ತಲೆ, ಎರಡು ಕೈ, ಎದೆ, ಹೊಟ್ಟೆ ಎಲ್ಲ ಸೇರಿದರೆ ನಿಮ್ಮ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ. ಬಗ್ಗಿ ಏಳುವಾಗ ಅಷ್ಟನ್ನೂ ಬೆನ್ನಿನ ಸ್ನಾಯುಗಳು ಎತ್ತಬೇಕು. ಸ್ನಾಯುಗಳಿಗೆ ಇಲ್ಲಿ ಲಾಭ ಕಮ್ಮಿ. ಬೆನ್ನುಮೂಳೆಯ ಕೀಲಿನಿಂದ ಅವು ಎಳೆಯುವ ಜಾಗ ಬರೀ 5 ಸೆಂಟಿಮೀಟರ್ ಆಸುಪಾಸಿನಲ್ಲಿದೆ. ನೀವು ಹಿಡಿದ ವಸ್ತು 50 ಸೆಂಟಿಮೀಟರ್ ಮುಂದಿದೆ ಅಂತ ಇಟ್ಟುಕೊಳ್ಳಿ. ಸನ್ನೆಕೋಲಿನ ಲೆಕ್ಕ ನಿಮಗೆ ಗೊತ್ತೇ ಇದೆ. 10 ಕೆಜಿ ಮೋಟರ್ ಹಿಡಿದಿರಲು ಸ್ನಾಯು 100 ಕೆಜಿಯಷ್ಟು ಎಳೆಯಬೇಕು. ಅಷ್ಟು ಎಳೆದಾಗ ಮೂಳೆಗಳ ನಡುವಿನ ಡಿಸ್ಕ್ ಅಷ್ಟೇ ಜೋರಾಗಿ ಅದುಮಿಸಿಕೊಳ್ಳುತ್ತದೆ. ನಿಮ್ಮ ಮೈತೂಕದ್ದು ಬೇರೆ.

ಈ ಅದುಮುವಿಕೆಯನ್ನು ಅಳೆದು ನೋಡಿದವರೂ ಇದ್ದಾರೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲೇ ಬದುಕಿರುವ ಮನುಷ್ಯರ ಡಿಸ್ಕ್‌ಗೆ ಸೂಜಿ ಇಳಿಸಿ ಒತ್ತಡ ಅಳೆದರು. 1999ರಲ್ಲಿ ಜರ್ಮನಿಯ ಉಲ್ಮ್‌ನ ತಂಡ ಒಬ್ಬ ಆರೋಗ್ಯವಂತ ಗಂಡಸಿನ ಡಿಸ್ಕ್‌ನಲ್ಲಿ ಸಣ್ಣ ಸೆನ್ಸರ್ ಇಟ್ಟು, ದಿನವಿಡೀ ಓಡಾಡಿಸಿ, ಭಾರ ಎತ್ತಿಸಿ ಅಳತೆ ತೆಗೆಯಿತು. ಅವರ ಅಂಕಿಗಳನ್ನು ಟೈರ್‌ಗೆ ಗಾಳಿ ಹಿಡಿಯುವ ಬಾರ್ ಲೆಕ್ಕದಲ್ಲೇ ಹೇಳುತ್ತೇನೆ, ನಿಮಗೆ ಬೇಗ ಹಿಡಿಯುತ್ತದೆ. ಕಾರಿನ ಟೈರ್‌ಗೆ ಸುಮಾರು 2.2 ಬಾರ್ ಹಿಡಿಯುತ್ತೀರಿ, ಅಲ್ವಾ? ಆ ಮನುಷ್ಯ ಮಲಗಿದ್ದಾಗ ಡಿಸ್ಕ್‌ನಲ್ಲಿ ಇದ್ದದ್ದು 1 ಬಾರ್. ನಿಂತಾಗ 5. ಮಂಡಿ ಮಡಿಸಿ 20 ಕೆಜಿ ಎತ್ತಿದಾಗ 17. ಅದೇ 20 ಕೆಜಿಯನ್ನು ಬೆನ್ನು ಗುಂಡಗೆ ಮಾಡಿ ಎತ್ತಿದಾಗ 23. ಎತ್ತಿದ ಮೇಲೆ ಮೈಗೆ ಅಂಟಿಸಿ ಹಿಡಿದುಕೊಂಡಾಗ 11. ಒಬ್ಬರ ಮೇಲೆ ಮಾಡಿದ ಅಳತೆ, ಎಲ್ಲರಿಗೂ ಇದೇ ಅಂಕಿ ಬರಬೇಕು ಅಂತಿಲ್ಲ. ಆದರೂ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಕಾಣುತ್ತದೆ.

ಇಷ್ಟು ಕೇಳಿ ಬಗ್ಗುವುದೇ ಅಪಾಯ ಅಂತ ಹೆದರಿಕೊಂಡು ಮನೆಗೆ ಹೋಗಬೇಡಿ. ಬೆನ್ನು ಇರುವುದೇ ಬಗ್ಗಲಿಕ್ಕೆ. ದಿನವೆಲ್ಲ ಒಂದಿಷ್ಟು ಬಗ್ಗಿ ಏಳುವುದರಿಂದ ಅದಕ್ಕೆ ಒಳ್ಳೆಯದೇ. ಕಾಟ ಕೊಡುವುದು ಬೇರೆ ಮೂರು: ಭಾರ ದೂರ ಹಿಡಿದು ಬಗ್ಗುವುದು, ದಿನವೆಲ್ಲ ಅದನ್ನೇ ಮಾಡುವುದು, ಬಗ್ಗಿದವರು ಹಾಗೆಯೇ ಇದ್ದುಬಿಡುವುದು. ಮೂರನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ಬಾನೆಟ್ ಎತ್ತಿ ಎಂಜಿನ್ ಒಳಗೆ ಬಗ್ಗಿ ನಿಂತ ಮೆಕ್ಯಾನಿಕ್‌ನನ್ನು ನೋಡಿ. ಕೈಯಲ್ಲಿ ಇರುವುದು ಒಂದು ಸ್ಪ್ಯಾನರ್ ಅಷ್ಟೇ, ಭಾರ ಏನೂ ಇಲ್ಲ. ಮೊದಲ ಎರಡು ಮೂರು ನಿಮಿಷ ಬೆನ್ನಿನ ಸ್ನಾಯುಗಳು ಹಿಡಿದುಕೊಂಡಿರುತ್ತವೆ. ಬಿಗಿ ಹಿಡಿದ ಸ್ನಾಯುವಿನ ಒಳಗೆ ರಕ್ತ ಸರಿಯಾಗಿ ಓಡುವುದಿಲ್ಲ, ಹಾಗಾಗಿ ಅದು ಬೇಗ ಸೋಲುತ್ತದೆ. ಆಮೇಲೆ ಮೈ ಪೂರ್ತಿ ಜೋತುಬೀಳುತ್ತದೆ. ಆಗ ಭಾರ ಹೊರುವುದು ಮೂಳೆಗೆ ಮೂಳೆ ಕಟ್ಟಿರುವ ಗಟ್ಟಿ ನಾರುಗಳು. ಆ ನಾರುಗಳು ನಿಧಾನಕ್ಕೆ ಎಳೆದುಕೊಳ್ಳುತ್ತ, ಸಡಿಲವಾಗುತ್ತ ಹೋಗುತ್ತವೆ. ಬಗ್ಗಿರುವವನಿಗೆ ಇದು ಗೊತ್ತೇ ಆಗುವುದಿಲ್ಲ, ಆರಾಮವಾಗಿದೆ ಅಂತಲೇ ಅನಿಸುತ್ತಿರುತ್ತದೆ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಮೆಕ್‌ಗಿಲ್ ಅಂತ ಬೆನ್ನಿನ ಬಗ್ಗೆಯೇ ಕೆಲಸ ಮಾಡಿದ, ಪ್ರೊಫೆಸರ್ ಆಗಿದ್ದವರೊಬ್ಬರಿದ್ದಾರೆ. ಅವರ ತಂಡ 1992ರಲ್ಲಿ ಜನರನ್ನು 20 ನಿಮಿಷ ಪೂರ್ತಿ ಬಗ್ಗಿಸಿ ಕೂರಿಸಿ ನೋಡಿತು. ಎದ್ದ ಮೇಲೆ ಬೆನ್ನಿನ ಬಿಗಿ ಅರ್ಧದಷ್ಟು ವಾಪಸ್ ಬರಲು 2 ನಿಮಿಷ ಬೇಕಾಯಿತು. ಅರ್ಧ ಗಂಟೆ ಕಳೆದರೂ ಸ್ವಲ್ಪ ಸಡಿಲ ಉಳಿದೇ ಇತ್ತು.

ಈಗ ಮೆಕ್ಯಾನಿಕ್ ಹತ್ತಿರ ವಾಪಸ್ ಬನ್ನಿ. ಬಾನೆಟ್ ಒಳಗಿನ ಕೆಲಸ ಮುಗಿಯಿತು. ಎದ್ದ, ತಿರುಗಿದ, ನೆಲದ ಮೇಲಿದ್ದ ಬ್ಯಾಟರಿ ಎತ್ತಲು ಬಗ್ಗಿದ. ಸೊಂಟ ಹಿಡಿದುಕೊಂಡಿತು. ಎಲ್ಲರೂ ಬ್ಯಾಟರಿಯ ತಪ್ಪು ಅನ್ನುತ್ತಾರೆ. ಅದೇ ಬ್ಯಾಟರಿಯನ್ನು ಆತ ಎಷ್ಟೋ ಸಲ ಎತ್ತಿರುತ್ತಾನೆ, ಏನೂ ಆಗಿರುವುದಿಲ್ಲ. ನಾರುಗಳು ಸಡಿಲವಾಗಿರುವ ಹೊತ್ತಿನಲ್ಲಿ ಭಾರ ಬಿದ್ದದ್ದೇ ಸಮಸ್ಯೆ. ಹಾಗಾಗಿ ತುಂಬ ಹೊತ್ತು ಬಗ್ಗಿ ಎದ್ದ ಮೇಲೆ ಒಡನೆ ಭಾರಕ್ಕೆ ಕೈ ಹಾಕಬೇಡಿ. ಎರಡು ಕೈ ಸೊಂಟದ ಮೇಲಿಟ್ಟು ಒಂದಿಷ್ಟು ಹಿಂದಕ್ಕೆ ವಾಲಿ. ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ, ಸ್ಪ್ಯಾನರ್‌ಗಳನ್ನು ಒರೆಸಿ ಜಾಗಕ್ಕೆ ಇಡಿ. ಎರಡು ಮೂರು ನಿಮಿಷ ಹೋಗಲಿ. ಆಮೇಲೆ ಎತ್ತಿ. ಕಾಸು ಖರ್ಚಿಲ್ಲದ ಉಪಾಯ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಬೆಳಗಿನ ಹೊತ್ತು ಬಗ್ಗುವಾಗ ಹುಷಾರಾಗಿರಬೇಕು ಅನ್ನುವುದಕ್ಕೂ ಇದೇ ಥರದ ಇನ್ನೊಂದು ಕಾರಣ ಇದೆ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಎದ್ದಾಗ ನಾವೆಲ್ಲ ಒಂದೂವರೆ ಸೆಂಟಿಮೀಟರ್ ಆಸುಪಾಸು ಉದ್ದವಾಗಿರುತ್ತೇವೆ! ಓಡಾಡಲು ಶುರು ಮಾಡಿದ ಮೊದಲ ಗಂಟೆಯಲ್ಲೇ ಅದರಲ್ಲಿ ಅರ್ಧ ಇಳಿಯುತ್ತದೆ. ಉಬ್ಬಿರುವ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕ್‌ಗೆ ಎಳೆತ ಜಾಸ್ತಿ. ಬಹಳ ದಿನದಿಂದ ಬೆನ್ನುನೋವಿದ್ದವರಿಗೆ, ಎದ್ದ ಮೇಲೆ ಮೊದಲ 2 ಗಂಟೆ ಬಗ್ಗುವುದನ್ನು ತಪ್ಪಿಸಿ ಅಂತ ಹೇಳಿ ನೋಡಿದ ಅಧ್ಯಯನ 1998ರಲ್ಲಿ ಬಂತು. ಅವರ ನೋವು ಕಮ್ಮಿಯಾಯಿತು. ವರ್ಕ್‌ಶಾಪ್ ಬೇಗ ತೆಗೆಯುವವರು ಮೊದಲ ಗಂಟೆಗೆ ನಿಂತು ಮಾಡುವ ಕೆಲಸ ಇಟ್ಟುಕೊಳ್ಳಿ. ಗುರುತು ಹಾಕುವುದು, ಡ್ರಿಲ್ ಮಾಡುವುದು, ಅಳತೆ ತೆಗೆಯುವುದು. ಲೋಡ್ ಇಳಿಸುವುದು ಆಮೇಲೆ.

ಈಗ ಬೆಂಚಿನ ವಿಷಯಕ್ಕೆ ವಾಪಸ್ ಬರೋಣ. ಎಲ್ಲ ಕೆಲಸಕ್ಕೂ ಒಂದೇ ಎತ್ತರ ಅಂತಿಲ್ಲ. ಮೊಣಕೈಯನ್ನು ಸೊನ್ನೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಕಣ್ಣು ಹತ್ತಿರ ಇಟ್ಟು ಮಾಡುವ ನಾಜೂಕು ಕೆಲಸ, ಅಂದರೆ ಸರ್ಕ್ಯೂಟ್ ಬೆಸುಗೆ, ಕೆತ್ತನೆ, ಗಡಿಯಾರದ ರಿಪೇರಿ, ಇವಕ್ಕೆ ಮೊಣಕೈಗಿಂತ 5ರಿಂದ 10 ಸೆಂಟಿಮೀಟರ್ ಮೇಲೆ. ಸಾಮಾನ್ಯ ಜೋಡಣೆ ಕೆಲಸಕ್ಕೆ 10ರಿಂದ 15 ಸೆಂಟಿಮೀಟರ್ ಕೆಳಗೆ. ಮೈತೂಕ ಹಾಕಿ ಒತ್ತಬೇಕಾದ ಕೆಲಸಕ್ಕೆ ಇನ್ನೂ ಕೆಳಗೆ, 15ರಿಂದ 40ರವರೆಗೂ ಇಳಿಯಬಹುದು. ಉಜ್ಜುಗೊರಡು ಹಾಕುವ ಬಡಗಿಗಳು ತಗ್ಗಿನ ಬೆಂಚು ಬೇಕು ಅನ್ನುವುದು ಇದಕ್ಕೇ. ಕೈ ಇಳಿಬಿಟ್ಟು ಅಂಗೈ ಮಡಿಸಿದರೆ ಅದು ಬೆಂಚಿನ ಮೇಲೆ ಕೂರಬೇಕು, ಅಷ್ಟು ತಗ್ಗು. ಅಲ್ಲಿ ತೋಳಿನ ಬಲಕ್ಕಿಂತ ಮೈಭಾರವೇ ಕೆಲಸ ಮಾಡುತ್ತದೆ.

ಹಾಗಾದರೆ ಗೊರಡು ಹಾಕುವ ಬಡಗಿಯೇ ಮಧ್ಯಾಹ್ನ ಅದೇ ಬೆಂಚಿನಲ್ಲಿ ಉಳಿ ಹಿಡಿದು ಸಣ್ಣ ಕೆತ್ತನೆ ಮಾಡಿದರೆ? ಆಗ ಅವನ ಮೂಗು ಮರಕ್ಕೆ ತಾಗುತ್ತದೆ. ಎರಡು ಬೆಂಚು ಇಡಲು ಜಾಗ ಎಲ್ಲಿದೆ ಅಂತೀರಿ. ದೊಡ್ಡ ಬೆಂಚಿನ ಮೇಲೆ ಕೂರಿಸುವ ಪುಟ್ಟ ಬೆಂಚು ಮಾಡಿಕೊಳ್ಳಿ. ಗಟ್ಟಿ ಹಲಗೆ, ಎರಡು ಕಾಲು, ಕೆಳಗೆ ಕ್ಲಾಂಪ್ ಹಾಕಲು ಅಂಚು. ಬೇಕಾದಾಗ ಕೂರಿಸಿ, ಬೇಡವಾದಾಗ ಗೋಡೆಗೆ ಒರಗಿಸಿ. ವೈಸ್ ತಗ್ಗಿದ್ದರೆ ಬೋಲ್ಟ್ ಬಿಚ್ಚಿ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಉದ್ದದ ಬೋಲ್ಟ್ ಹಾಕಿ ಮತ್ತೆ ಬಿಗಿಯಿರಿ.

ನೆಲದ ಮೇಲೆ ಇಟ್ಟು ಮಾಡುವ ಕೆಲಸಗಳಿಗೆ ಇದರ ಹತ್ತರಷ್ಟು ಗಮನ ಬೇಕು. ಗೇಟು, ಗ್ರಿಲ್, ಫ್ರೇಮ್ ವೆಲ್ಡಿಂಗ್ ಮಾಡುವವರು ಸುಮ್ನೆ ನೆಲದ ಮೇಲೆ ಹಾಸಿಕೊಂಡು ಶುರು ಮಾಡುತ್ತಾರೆ. ಮಟ್ಟ ಸರಿ ಸಿಗುತ್ತದೆ ಅನ್ನುವುದು ಅವರ ವಾದ. ವಾದ ಸರಿಯೇ ಇದೆ. ಆದರೆ ಆ ಮಟ್ಟ ನೆಲದಲ್ಲೇ ಯಾಕಿರಬೇಕು? ನಾಲ್ಕು ಸ್ಟ್ಯಾಂಡ್ ಮಾಡಿ, ಮೇಲೆ ಎರಡು ಚಾನೆಲ್ ಹಾಕಿ, ಮಟ್ಟಗೋಲು ಇಟ್ಟು ಒಮ್ಮೆ ಸರಿ ಮಾಡಿಕೊಂಡರೆ ಅದೇ ಮಟ್ಟ ಸೊಂಟದ ಎತ್ತರದಲ್ಲಿ ಸಿಗುತ್ತದೆ. ಅರ್ಧ ದಿನದ ಕೆಲಸ. ವೆಲ್ಡರ್‌ಗಳೇ ಇದನ್ನು ಮಾಡಿಕೊಳ್ಳದಿದ್ದರೆ ಇನ್ಯಾರು ಮಾಡಿಕೊಳ್ಳಬೇಕು ಹೇಳಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವರ್ಕ್‌ಶಾಪ್ ಅಲ್ಲ, ಹೊಲದ ಕಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಟಿಸ್, ಬೀಟ್ ಹೊಲಗಳಲ್ಲಿ ಕೆಲಸ ಮಾಡುವ ಕೂಲಿಗಳಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಹಿಡಿ ಎಷ್ಟು ಚಿಕ್ಕದು ಅಂದರೆ ಸೊಂಟ ಪೂರ್ತಿ ಮಡಿಸದೆ ಅದು ನೆಲಕ್ಕೆ ತಾಗುವುದಿಲ್ಲ. ಕೂಲಿಗಳು ಅದನ್ನು ಎಲ್ ಕೊರ್ಟಿಟೊ ಅನ್ನುತ್ತಿದ್ದರು, ಗಿಡ್ಡದ್ದು ಅಂತ. ಗಿಡ್ಡ ಹಿಡಿ ಇದ್ದರೆ ಗಿಡಕ್ಕೆ ಪೆಟ್ಟಾಗುವುದಿಲ್ಲ, ಕೆಲಸ ನಾಜೂಕಾಗಿ ಬರುತ್ತದೆ ಅನ್ನುವುದು ಹೊಲದ ಮಾಲೀಕರ ಮಾತು. ಇನ್ನೊಂದು ಅನುಕೂಲವೂ ಇತ್ತು. ಯಾರು ನೆಟ್ಟಗೆ ನಿಂತಿದ್ದಾರೋ ಅವರು ಕೆಲಸ ಮಾಡುತ್ತಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

ಕೂಲಿಗಳ ಪರವಾಗಿ ವಕೀಲರು ಸುರಕ್ಷತಾ ಇಲಾಖೆಗೆ ಅರ್ಜಿ ಕೊಟ್ಟರು. ಅಪಾಯಕಾರಿ ಕೈ ಉಪಕರಣ ಬಳಸಬಾರದು ಅಂತ ನಿಯಮ ಮೊದಲೇ ಇತ್ತು. ಇಲಾಖೆ ಏನು ಹೇಳಿತು ಗೊತ್ತಾ? ಮುರಿದದ್ದು, ಕೆಟ್ಟದ್ದು ಆಗಿದ್ದರೆ ಮಾತ್ರ ಉಪಕರಣ ಅಪಾಯಕಾರಿ, ಈ ಗುದ್ದಲಿಯಲ್ಲಿ ಅಂಥ ದೋಷ ಏನೂ ಇಲ್ಲ ಅಂದಿತು. ವಿಷಯ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಬೆನ್ನು ಹಾಳಾಗುವ ಬಗ್ಗೆ ವೈದ್ಯರ ಸಾಕ್ಷ್ಯ ಫೈಲಿನಲ್ಲಿ ಇತ್ತು. 1975ರಲ್ಲಿ ಕೋರ್ಟ್ ಇಲಾಖೆಯ ವಾದ ಒಪ್ಪಲಿಲ್ಲ. ಉಪಕರಣ ಗಟ್ಟಿಮುಟ್ಟಾಗಿದ್ದರೂ ಅದನ್ನು ಬಳಸಬೇಕಾದ ರೀತಿಯಿಂದಲೇ ಅಪಾಯ ಆಗಬಹುದು ಅಂದಿತು. ಅದೇ ವರ್ಷ ಗಿಡ್ಡ ಗುದ್ದಲಿ ನಿಷೇಧವಾಯಿತು. ಉದ್ದ ಹಿಡಿಯ ಗುದ್ದಲಿಯಲ್ಲೇ ಆ ಬೆಳೆಗಳನ್ನು ಬೆಳೆದರು, ಇವತ್ತಿಗೂ ಬೆಳೆಯುತ್ತಿದ್ದಾರೆ.

ನಿಮ್ಮ ವರ್ಕ್‌ಶಾಪಿನಲ್ಲಿರುವ ಗಿಡ್ಡ ಗುದ್ದಲಿ ಯಾವುದು ಅಂತ ಹುಡುಕಿ. ನೆಲ ಗುಡಿಸುವ ಪೊರಕೆ ಇರಬಹುದು. ಗಾಡಿ ಎತ್ತುವಾಗ ಹಿಡಿ ಸಾಲದೆ ಮಂಡಿಯೂರಿ ತಿರುಗಿಸುವ ಜ್ಯಾಕ್ ಇರಬಹುದು. ನೆಲದ ಮೇಲೇ ಇಟ್ಟುಕೊಳ್ಳುವ ಪಾಲಿಷ್ ಡಬ್ಬ ಇರಬಹುದು. ಬಿದ್ದ ನಟ್ ಬೋಲ್ಟ್ ಎತ್ತಲು ಆಂಟೆನಾದ ಹಾಗೆ ಉದ್ದವಾಗುವ ಆಯಸ್ಕಾಂತದ ಕಡ್ಡಿ ಸಿಗುತ್ತದೆ, ಜೇಬಿನಲ್ಲಿ ಪೆನ್ ಇಟ್ಟ ಹಾಗೆ ಇಟ್ಟುಕೊಳ್ಳಬಹುದು. ಚಿಕ್ಕ ಸಾಮಾನು ಅಂತ ನಗಬೇಡಿ. ದಿನಕ್ಕೆ ಎಷ್ಟು ಸಲ ನಟ್‌ಗಾಗಿ ಬಗ್ಗುತ್ತೀರಿ ಅಂತ ಒಂದು ದಿನ ಎಣಿಸಿ ನೋಡಿ.

ಎತ್ತರ ಸರಿ ಮಾಡಿದ ಮೇಲೂ ಕೆಲವರು ಬಗ್ಗಿಯೇ ಇರುತ್ತಾರೆ. ಇವರ ತೊಂದರೆ ಇರುವುದು ಕಣ್ಣಿನಲ್ಲಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ಕನ್ನಡಕ ಮನೆಯಲ್ಲಿ ಇರುತ್ತದೆ, ದೂಳು ಅಂತ ವರ್ಕ್‌ಶಾಪಿಗೆ ತರುವುದಿಲ್ಲ. ಸಣ್ಣ ಅಳತೆ ತೆಗೆಯುವ ವರ್ನಿಯರ್‌ನ ಗೆರೆ ಕಾಣಬೇಕು, ಹಾಗಾಗಿ ತಲೆ ಕೆಳಗಿಳಿಯುತ್ತದೆ, ತಲೆಯ ಹಿಂದೆ ಬೆನ್ನೂ ಇಳಿಯುತ್ತದೆ. ತಲೆಯೇ ನಾಲ್ಕೂವರೆ ಐದು ಕೆಜಿ ತೂಕ. ಅದನ್ನು ಮುಂದಕ್ಕೆ ಚಾಚಿ ದಿನವಿಡೀ ಹಿಡಿದರೆ ಕತ್ತು ಸುಮ್ಮನಿರುತ್ತದೆಯೇ? ಬೈಫೋಕಲ್, ಅಂದರೆ ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಗಾಜಿರುವ ಕನ್ನಡಕ ಹಾಕುವವರಿಗೆ ಇನ್ನೊಂದು ಕಷ್ಟ. ಕಣ್ಣಿನ ಎತ್ತರದ ವಸ್ತು ನೋಡಲು ಅವರು ಗಲ್ಲ ಮೇಲೆತ್ತಿ ಕೆಳಗಿನ ಗಾಜಿನಿಂದ ನೋಡಬೇಕು. ಲೇಥ್ ಮುಂದೆ ನಿಂತವರು ಸಂಜೆಗೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುವುದು ಇದರಿಂದಲೂ ಇರಬಹುದು. ಕೆಲಸದ ದೂರಕ್ಕೆ ಅಂತಲೇ ಬೇರೆ ಕನ್ನಡಕ ಬರೆಸಿಕೊಳ್ಳಿ. ಕಣ್ಣಿನ ವೈದ್ಯರಿಗೆ, ನನ್ನ ಕೆಲಸ ಕಣ್ಣಿನಿಂದ ಇಷ್ಟು ದೂರದಲ್ಲಿರುತ್ತದೆ ಅಂತ ಅಳತೆಯನ್ನೇ ಹೇಳಿ. ಜೊತೆಗೆ ಬೆಂಚಿನ ಮೇಲೆ ಬಗ್ಗಿಸಬಹುದಾದ ಒಂದು ದೀಪ. ಚಾವಣಿಯ ಟ್ಯೂಬ್‌ಲೈಟ್ ನಿಮ್ಮ ತಲೆಯ ನೆರಳನ್ನೇ ಕೆಲಸದ ಮೇಲೆ ಹಾಕುತ್ತದೆ. ನೆರಳು ತಪ್ಪಿಸಲು ಮತ್ತೆ ಸೊಟ್ಟಗೆ ಬಗ್ಗುತ್ತೀರಿ.

ಸಾಮಾನು ಇಡುವ ಜಾಗದ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೆಲಸದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಭಾರ ಎತ್ತುವುದಕ್ಕೆ ಅವರೊಂದು ಸೂತ್ರ ಮಾಡಿದ್ದಾರೆ, 1991ರಲ್ಲಿ ಪರಿಷ್ಕರಿಸಿದ್ದು. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ವಸ್ತು ಮೈಗೆ ಹತ್ತಿರ, ಕೈ ಇಳಿಬಿಟ್ಟ ಎತ್ತರದಲ್ಲಿ, ತಿರುಚದೆ, ಅಪರೂಪಕ್ಕೆ ಎತ್ತುವುದಾದರೆ ಮಿತಿ 23 ಕೆಜಿ. ವಸ್ತು ಕಾಲಿನಿಂದ 25 ಸೆಂಟಿಮೀಟರ್ ಬದಲು 50 ಸೆಂಟಿಮೀಟರ್ ದೂರ ಇದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ, ಹನ್ನೊಂದೂವರೆ. ಅದೇ ವಸ್ತು ನೆಲದ ಮೇಲಿದ್ದರೆ ಅದರಲ್ಲೂ ಸುಮಾರು ಕಾಲು ಭಾಗ ಕಡಿತ, 9 ಕೆಜಿ ಹತ್ತಿರ ಬರುತ್ತದೆ. ಪಕ್ಕಕ್ಕೆ ಪೂರ್ತಿ ತಿರುಗಿ ಎತ್ತಿದರೆ ಇನ್ನೂ ಇಳಿಯುತ್ತದೆ. ವಸ್ತು ಅದೇ, ಮನುಷ್ಯ ಅವನೇ. ಇಟ್ಟ ಜಾಗ ಮಾತ್ರ ಬೇರೆ.

ಆದ್ದರಿಂದ ರ‍್ಯಾಕ್ ಜೋಡಿಸುವಾಗ ಭಾರದ್ದು ಸೊಂಟದ ಮಟ್ಟದಲ್ಲಿ ಇರಲಿ. ಹಗುರದ್ದು, ಅಪರೂಪಕ್ಕೆ ಬೇಕಾಗುವುದು ಮೇಲಕ್ಕೂ ಕೆಳಕ್ಕೂ ಹೋಗಲಿ. ಎಷ್ಟೋ ಕಡೆ ಇದು ತಲೆಕೆಳಗಾಗಿರುತ್ತದೆ. ಭಾರದ್ದು ಬೀಳುತ್ತದೆ ಅಂತ ಗೇರ್‌ಬಾಕ್ಸ್ ನೆಲದ ಮೇಲೆ, ಸೊಂಟದ ಎತ್ತರದ ಒಳ್ಳೆಯ ತಟ್ಟೆಯಲ್ಲಿ ಹಳೆಯ ಬಿಲ್ಲುಗಳು, ಖಾಲಿ ಡಬ್ಬಗಳು. ಒಂದು ಕಡೆ ಜೋಡಣೆ ಕೆಲಸ ಮಾಡುವವರೊಬ್ಬರು ಬೋಲ್ಟ್‌ಗಳ ಪೆಟ್ಟಿಗೆಯನ್ನು ಎಡಗಾಲಿನ ಪಕ್ಕ ನೆಲದ ಮೇಲೆ ಇಟ್ಟುಕೊಂಡಿದ್ದರು. ಪ್ರತಿ ಬೋಲ್ಟ್‌ಗೂ ಬಗ್ಗಿ, ತಿರುಗಿ, ಏಳುತ್ತಿದ್ದರು. ಪಕ್ಕದಲ್ಲೇ ಖಾಲಿ ಆಯಿಲ್ ಡ್ರಮ್ ಇತ್ತು. ಅದನ್ನು ಬೋರಲು ಹಾಕಿ ಮೇಲೆ ಪೆಟ್ಟಿಗೆ ಇಟ್ಟದ್ದೇ ಚಿಕಿತ್ಸೆ. ಸಂಜೆಯ ನೋವು ಇಳಿಯಿತು ಅಂತ ಅವರೇ ಹೇಳಿದರು.

ಬಗ್ಗಲೇಬೇಕಾದ ಕೆಲಸ ಇದ್ದೇ ಇರುತ್ತದೆ, ಒಪ್ಪುತ್ತೇನೆ. ಗಾಡಿಯ ಅಡಿ ಹೋಗಬೇಕು, ಮೂಲೆಯ ಪೈಪ್ ಬಿಚ್ಚಬೇಕು. ಆಗ ಮೊದಲ ನಿಯಮ, ಖಾಲಿ ಇರುವ ಕೈ ಸುಮ್ಮನೆ ನೇತಾಡಬಾರದು. ಬೆಂಚು, ತೊಡೆ, ಗಾಡಿಯ ಅಂಚು, ಎಲ್ಲಾದರೂ ಊರಿ. ಊರಿದ ಕೈ ಮೈಭಾರದ ಒಂದು ಪಾಲನ್ನು ಬೆನ್ನಿನಿಂದ ಇಳಿಸಿಕೊಳ್ಳುತ್ತದೆ. ಸಣ್ಣ ವಸ್ತು ಎತ್ತುವಾಗ ಒಂದು ಕೈ ಬೆಂಚಿನ ಮೇಲಿಟ್ಟು, ಒಂದು ಕಾಲನ್ನು ಹಿಂದಕ್ಕೆ ಗಾಳಿಯಲ್ಲಿ ಎತ್ತಿ, ತೊಡೆಯ ಬುಡದಿಂದ ಮುಂದಕ್ಕೆ ವಾಲಿ. ಹಿಂದೆ ಹೋದ ಕಾಲು ಮುಂದೆ ಬಂದ ಮೈಗೆ ಸಮತೂಕ ಕೊಡುತ್ತದೆ, ಬೆನ್ನು ಮಡಿಸಬೇಕಾಗಿಯೇ ಇಲ್ಲ. ಗಾಲ್ಫ್ ಆಡುವವರು ಚೆಂಡು ಎತ್ತಿಕೊಳ್ಳುವುದು ಹೀಗೆ. ನೋಡಲು ತಮಾಷೆ, ಆದರೆ ಒಮ್ಮೆ ರೂಢಿಯಾದರೆ ಬಿಡುವುದಿಲ್ಲ.

ತುಂಬ ಹೊತ್ತು ಕೆಳಗೇ ಇರಬೇಕಾದರೆ ಬಗ್ಗುವ ಬದಲು ಕೂತುಬಿಡಿ. ಚಕ್ರ ಇರುವ ತಗ್ಗು ಸ್ಟೂಲ್, ಅಡಿಗೆ ಹೋಗುವುದಾದರೆ ಚಕ್ರದ ಹಲಗೆ. ಮಂಡಿಯೂರುವುದಾದರೆ ಒಂದೇ ಮಂಡಿ ಊರಿ, ಕೆಳಗೆ ದಪ್ಪ ಫೋಮ್ ಇರಲಿ. ಗಟ್ಟಿ ನೆಲದ ಮೇಲೆ ದಿನಾ ಮಂಡಿಯೂರಿದರೆ ಚಿಪ್ಪಿನ ಮುಂದಿರುವ ಸಣ್ಣ ದ್ರವದ ಚೀಲ ಊದಿಕೊಳ್ಳುತ್ತದೆ. ಟೈಲ್ಸ್ ಹಾಕುವವರನ್ನು ಕೇಳಿ, ಹೇಳುತ್ತಾರೆ. ಕುಕ್ಕರಗಾಲಿನಲ್ಲಿ ಕೂರುವ ಅಭ್ಯಾಸ ಇರುವವರು ಕೂತುಕೊಳ್ಳಿ, ತಪ್ಪಿಲ್ಲ. ಮಂಡಿಯಲ್ಲಿ ಆಗಲೇ ನೋವಿರುವವರು ಬೇಡ.

ಇನ್ನು 'ಬೆನ್ನು ನೆಟ್ಟಗಿಡಿ, ಮಂಡಿ ಬಗ್ಗಿಸಿ' ಅಂತ ಗೋಡೆಗೆ ಅಂಟಿಸಿರುವ ಪೋಸ್ಟರ್. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಹೇಳುವುದು ತಪ್ಪು ಅಂತಲ್ಲ. ಪೋಸ್ಟರ್ ಅಂಟಿಸಿದ ಮೇಲೆ ತಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರಲ್ಲ, ಅದಕ್ಕೆ. ಭಾರ ಎತ್ತುವ ತರಬೇತಿ ಕೊಟ್ಟವರ, ಕೊಡದವರ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2011ರಲ್ಲಿ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆಯೊಂದು ಬಂತು. ಬರೀ ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಅನ್ನುವುದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ಬೆಲ್ಟ್ ಕಥೆಯೂ ಹೀಗೆಯೇ. ಆಗ ಹೇಳಿದೆನಲ್ಲ, ಅದೇ ನಿಯೋಶ್, ಆರೋಗ್ಯವಾಗಿರುವವರಿಗೆ ಬೆಲ್ಟ್ ಕಟ್ಟಿದರೆ ಪೆಟ್ಟು ತಪ್ಪುತ್ತದೆ ಅನ್ನಲು ಆಧಾರ ಇಲ್ಲ ಅಂತ 1994ರಲ್ಲೇ ಹೇಳಿತು. ಕಟ್ಟಿಕೊಂಡವರಿಗೆ ಧೈರ್ಯ ಬಂದು ಇನ್ನೂ ಭಾರ ಎತ್ತುವ ಅಪಾಯ ಬೇರೆ.

ನಿಂತು ಮಾಡುವ ಕೆಲಸದ ಬಗ್ಗೆ ಎರಡು ಮಾತು. ಇಟಲಿಯ ಬರ್ನಾರ್ಡಿನೊ ರಮಾಜಿನಿ ಅನ್ನುವ ವೈದ್ಯರು 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದರು. ರೋಗಿಯನ್ನು ನೋಡುವಾಗ ನಿನ್ನ ಕೆಲಸ ಏನು ಅಂತಲೂ ಕೇಳಬೇಕು ಅಂದವರು ಅವರು. ನಡೆಯುವುದಕ್ಕಿಂತ ಒಂದೇ ಕಡೆ ನಿಲ್ಲುವುದು ಜಾಸ್ತಿ ಸುಸ್ತು ಮಾಡುತ್ತದೆ ಅನ್ನುವುದನ್ನೂ ಗಮನಿಸಿದ್ದರು. ಬೆಂಚಿನ ಕೆಳಗೆ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಎತ್ತರದಲ್ಲಿ ಪೈಪ್ ಹಾಕಿ, ಒಂದೊಂದು ಕಾಲನ್ನು ಬದಲಿಸಿ ಅದರ ಮೇಲಿಡಿ. ಸೊಂಟದ ಒಳಬಾಗು ಸಡಿಲವಾಗುತ್ತದೆ. ಸಿಮೆಂಟ್ ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ.

ನೋವು ಬಂದೇಬಿಟ್ಟರೆ? ಮಲಗಿಬಿಡಬೇಡಿ. ಹಿಂದೆ ವೈದ್ಯರೇ ಹಾಸಿಗೆ ಬಿಡಬೇಡ ಅನ್ನುತ್ತಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹೊಸದಾಗಿ ಬೆನ್ನು ಹಿಡಿದುಕೊಂಡ ನಗರ ನೌಕರರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ 2 ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ಬಿಟ್ಟಷ್ಟು ದಿನನಿತ್ಯದ ಓಡಾಟ. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು. ಹಾಸಿಗೆ ಹಿಡಿದವರು ಎಲ್ಲರಿಗಿಂತ ನಿಧಾನ. ಹಾಗಂತ ಅದೇ ದಿನ ಗೇರ್‌ಬಾಕ್ಸ್ ಇಳಿಸಿ ಅಂತಲ್ಲ. ಹಗುರ ಕೆಲಸ ಮಾಡಿ, ನಡೆಯಿರಿ, ಬಿಸಿ ಶಾಖ ಕೊಡಿ. ನೋವಿನ ಮಾತ್ರೆ ನುಂಗಿ ಅದೇ ಭಾರ ಎತ್ತುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮಾತ್ರೆ ನೋವನ್ನು ಮುಚ್ಚುತ್ತದೆ, ಪೆಟ್ಟು ಹಾಗೇ ಇರುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಕಾಲಿನ ಬಲ ಕುಂದಿ ಪಾದ ಎತ್ತಲಾಗುತ್ತಿಲ್ಲ, ಎರಡು ತೊಡೆಯ ನಡುವೆ ಮರಗಟ್ಟಿದ ಹಾಗಿದೆ, ಮೂತ್ರ ನಿಂತಿದೆ ಅಥವಾ ಹಿಡಿತ ತಪ್ಪಿದೆ ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಎತ್ತರದಿಂದ ಬಿದ್ದ ಮೇಲೆ ಶುರುವಾದ ನೋವು, ರಾತ್ರಿ ಮಲಗಿದರೂ ಕಮ್ಮಿಯಾಗದ ನೋವು, ಇವನ್ನೂ ವೈದ್ಯರಿಗೆ ತೋರಿಸಿ.

ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. 'ನಮ್ಮಲ್ಲಿ ಒಂದೇ ಬೆಂಚು, ನಾನು ಗಿಡ್ಡ, ನನ್ನ ಜೊತೆಯವನು ಆರಡಿ. ಯಾರ ಮೊಣಕೈ ಲೆಕ್ಕ ಹಿಡಿಯಬೇಕು?' ಅವನ ಮೊಣಕೈಯದ್ದು. ಗಿಡ್ಡ ಇರುವವರನ್ನು ಹಲಗೆ ಹಾಕಿ ಮೇಲೆತ್ತಬಹುದು, ಉದ್ದ ಇರುವವರನ್ನು ನೆಲ ಅಗೆದು ಇಳಿಸಲಾಗುವುದಿಲ್ಲ. ಆದರೆ ಆ ಹಲಗೆ ಇಟ್ಟಿಗೆಯ ಮೇಲೆ ಅಲ್ಲಾಡುವ ತುಂಡಾಗಿರಬಾರದು. ಬೆಂಚಿನಷ್ಟೇ ಉದ್ದ ಇರಲಿ, ಎರಡು ಹೆಜ್ಜೆ ಹಿಂದಕ್ಕಿಡುವಷ್ಟು ಅಗಲ ಇರಲಿ. ಮೇಲೆ ಜಾರದ ರಬ್ಬರ್ ಹೊಡೆಯಿರಿ. ಅಂಚಿಗೆ ಹಳದಿ ಬಣ್ಣ ಬಳಿಯಿರಿ, ಇಲ್ಲದಿದ್ದರೆ ನಿಮ್ಮ ಜೊತೆಯವನು ಎಡವಿ ಬೀಳುತ್ತಾನೆ. ಅವನ ಪಾಳಿ ಬಂದಾಗ ಬೆಂಚಿನ ಅಡಿಗೆ ತಳ್ಳಲು ಬರುವ ಹಾಗೆ ಎರಡು ಹಿಡಿಕೆ ಇಡಿ.